ಐದು ಪೈಸೆಗೊಂದು ಅಭಿಪ್ರಾಯ

ಸಂದರ್ಶನಕ್ಕೆ ಒಪ್ಪುವ ಮೊದಲು ಅಂಚೆಚೀಟಿ ಒಂದೇ ಒಂದು ಷರತ್ತು ಹಾಕಿತು: ಯಾವ ಕಾರಣಕ್ಕೂ ಬೆನ್ನಿಗೆ ಎಂಜಲು ಹಚ್ಚಕೂಡದು. ಪತ್ರಿಕೆಯ ಪ್ರತಿನಿಧಿ ಒಪ್ಪಿಕೊಂಡಳು.

ಜಯನಗರದ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರ ಆಲ್ಬಮ್ಮಿನಲ್ಲಿ ಅದರ ವಾಸ. ಕೆಂಪು ಬಣ್ಣ, ಐದು ಪೈಸೆ ಬೆಲೆ, ಮಧ್ಯದಲ್ಲಿ ಅಪ್ಪ ಅಮ್ಮ ಮಕ್ಕಳ ಪುಟ್ಟ ಸಂಸಾರ. ಕುಟುಂಬ ಯೋಜನೆಯ ಪ್ರಚಾರಕ್ಕೆಂದು ಹುಟ್ಟಿದ ಚೀಟಿ ಅದು. ಆ ಸಂಸಾರದ ಮೇಲೆಯೇ ಆಮೇಲೆ ಯಾರೋ ಇಂಗ್ಲಿಷಿನಲ್ಲಿ ‘ರೆಫ್ಯೂಜಿ ರಿಲೀಫ್’ ಎಂದು ಅಚ್ಚೊತ್ತಿದ್ದಾರೆ. ಪೋಸ್ಟ್‌ಮಾಸ್ಟರು ಮೊನ್ನೆ ಇದರ ಫೋಟೋ ತೆಗೆದು ತಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅಲ್ಲಿ ನಡೆಯುತ್ತಿದ್ದ ಜಗಳ ತಣ್ಣಗಾದೀತು ಎಂಬುದು ಅವರ ಲೆಕ್ಕಾಚಾರ. ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದವರೂ ಇಷ್ಟು ಮುಗ್ಧರಾಗಿರಬಹುದು.

ಜಗಳ ಹುಟ್ಟಿದ್ದು ಕಸದಲ್ಲಿ. ಕಸ ಬೇರ್ಪಡಿಸಲು ಬರುವ ಹುಡುಗ ಫೋನಿನಲ್ಲಿ ಬಂಗಾಳಿ ಮಾತಾಡುತ್ತಾನೆ ಎಂದು ಫ್ಲ್ಯಾಟ್ 302 ಬೆಳಗ್ಗೆ ಬರೆಯಿತು. ಬಂಗಾಳಿ ಮಾತಾಡಿದರೆ ತಪ್ಪೇನು ಎಂದು 104 ಕೇಳಿತು. ಮಧ್ಯಾಹ್ನದ ಊಟದೊಳಗೆ ವಿಷಯ ದೇಶ ವಿಭಜನೆಗೆ ತಲುಪಿತ್ತು. ಸಂಜೆ ಹೊತ್ತಿಗೆ ಪೌರತ್ವ ಕಾಯ್ದೆ, ‘ಅತಿಥಿ ದೇವೋ ಭವ’, ಹಿಂದಿನ ಪ್ರಧಾನಿಗಳ ಹಣೆಬರಹ, ಈಗಿನ ಮಕ್ಕಳ ಸಂಸ್ಕಾರ ಎಲ್ಲವೂ ಬಂದುಹೋದವು. ಕಸ ಮಾತ್ರ ಗೇಟಿನ ಹತ್ತಿರವೇ ಇತ್ತು.

“ಓದಿದಿರಾ ತಾತ, ಎಲ್ಲಾ ಮೆಸೇಜು?” ಎಂದಳು ಪ್ರತಿನಿಧಿ.

“ಓದದೆ ಏನಮ್ಮ? ಯಜಮಾನರು ಆಲ್ಬಮ್ ಪಕ್ಕದಲ್ಲೇ ಫೋನ್ ಇಡ್ತಾರೆ. ನಾನಿದ್ದ ಕಾಲದಲ್ಲಿ ಜನ ಕಾಗದ ಬರೆದು, ಮಡಿಚಿ, ಡಬ್ಬಿಗೆ ಹಾಕೋಕೆ ಮುಂಚೆ ಒಂದ್ಸಲ ಯೋಚನೆ ಮಾಡ್ತಿದ್ರು. ಕಾಸು ಖರ್ಚಾಗ್ತಿತ್ತಲ್ಲ.”

ಕಾಸಿನ ಮಾತು ಬಂದದ್ದರಿಂದ ಚೀಟಿಯ ಜಾತಕವನ್ನು ಇಲ್ಲೇ ಹೇಳಿಬಿಡುವುದು ವಾಸಿ. 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ಗುಂಡು ಹಾರಿಸತೊಡಗಿತು. ಅಲ್ಲಿಂದ ಆ ವರ್ಷದ ಕೊನೆಯವರೆಗೆ ಗಡಿ ದಾಟಿ ಬಂದವರು ಭಾರತ ಸರ್ಕಾರದ ಲೆಕ್ಕದಲ್ಲಿ 98.99 ಲಕ್ಷ ಮಂದಿ. ಹದಿನೈದು ಲಕ್ಷ ಚಿಲ್ಲರೆ ಜನಸಂಖ್ಯೆಯ ತ್ರಿಪುರಕ್ಕೇ ಸುಮಾರು ಹದಿನಾಲ್ಕು ಲಕ್ಷ ಮಂದಿ ಬಂದರು. ಅನ್ನ, ಔಷಧಿ, ತಾಡಪಾಲು ಎಲ್ಲಕ್ಕೂ ದುಡ್ಡು ಬೇಕು. ಕೇಂದ್ರ ಸರ್ಕಾರ ನವೆಂಬರ್ 15ರಿಂದ ಅಂಚೆಯ ಮೇಲೆ ಐದು ಪೈಸೆ ಹೆಚ್ಚುವರಿ ಸುಂಕ ಹೇರಿತು. ರೈಲು ಟಿಕೆಟ್ಟಿಗೂ ಏರಿಕೆ, ದಿನಪತ್ರಿಕೆಯ ಪ್ರತಿಗೂ ಎರಡು ಪೈಸೆ. ಸುಂಕ ಜಾರಿಗೆ ಬಂದರೂ ಅದಕ್ಕೆಂದೇ ರೂಪಿಸಿದ ಹೊಸ ಚೀಟಿ ಇನ್ನೂ ಬಂದಿರಲಿಲ್ಲ, ಅದು ಬಿಡುಗಡೆಯಾದದ್ದು ಡಿಸೆಂಬರ್ 1ಕ್ಕೆ. ಅಲ್ಲಿಯವರೆಗೆ ಕೈಗೆ ಸಿಕ್ಕಿದ ಕುಟುಂಬ ಯೋಜನೆಯ ಚೀಟಿಗಳ ಮೇಲೇ ಮುದ್ರೆ ಒತ್ತಿ ಕೆಲಸ ಸಾಗಿಸಿದರು. ಕೆಲವು ಊರುಗಳು ಸ್ಥಳೀಯವಾಗಿ ಒತ್ತಿಸಿಕೊಂಡವು. ಬೆಂಗಳೂರು ಅವುಗಳಲ್ಲೊಂದು.

“ಚಿಕ್ಕ ಸಂಸಾರವೇ ಚೊಕ್ಕ ಅಂತ ಬೋಧಿಸೋಕೆ ಹುಟ್ಟಿದೋನು ನಾನು. ರಾತ್ರೋರಾತ್ರಿ ಒಂದು ಕೋಟಿ ಜನರ ಸಂಸಾರ ಬೆನ್ನಿಗೆ ಕಟ್ಟಿದ್ರು” ಎಂದು ಚೀಟಿ ನಕ್ಕಿತು. “ಬೇಜಾರಿರಲಿಲ್ಲ ಬಿಡು. ಆದ್ರೆ ಯಾರೂ ನನ್ನ ಕೇಳಲಿಲ್ಲ. ಕಾಗದ ಬರೆಯೋ ಜನರನ್ನೂ ಕೇಳಲಿಲ್ಲ. ಹುಬ್ಬಳ್ಳಿಯ ಮಾವ ಬೆಂಗಳೂರಿನ ಅಳಿಯನಿಗೆ ಬಾಣಂತನದ ಸುದ್ದಿ ಬರೆದ್ರೂ ಐದು ಪೈಸೆ ಶರಣಾರ್ಥಿಗಳಿಗೆ ಹೋಗ್ತಿತ್ತು. ಶರಣಾರ್ಥಿ ಬಗ್ಗೆ ಅವನಿಗೆ ಅಭಿಪ್ರಾಯ ಇತ್ತೋ ಇಲ್ವೋ, ದುಡ್ಡಂತೂ ಕೊಟ್ಟಿದ್ದ. ಈಗ ಅಭಿಪ್ರಾಯ ಇದೆ. ದುಡ್ಡು ಕೇಳ್ಬೇಡಿ.”

ಪ್ರತಿನಿಧಿ ಬಿಡಲಿಲ್ಲ. “ನಮ್ಮ ತೆರಿಗೆ ದುಡ್ಡು ಅಂತಲೇ ಅಲ್ವಾ 302ರವರ ತಕರಾರು?”

“ಆ ತಕರಾರಿಗೆ ಹಕ್ಕುದಾರ ಇದ್ರೆ ನಾನೇ. ತೆರಿಗೆ ಅಂದ್ರೆ ನಾನೇ ಕಣಮ್ಮ! ಇನ್ನೊಂದು ಗುಟ್ಟು ಹೇಳ್ಲಾ? ಆ ಜನ 1972ರ ಮಾರ್ಚ್ ಹೊತ್ತಿಗೆ ಬಹುಪಾಲು ವಾಪಸ್ ಹೋದ್ರು. ನನ್ನ ಸುಂಕ ನಿಂತಿದ್ದು 1973ರ ಮಾರ್ಚ್ ಕೊನೆಗೆ. ನೆಂಟರು ಹೋಗಿ ಒಂದು ವರ್ಷ ಆದ್ಮೇಲೂ ಅವರ ಊಟದ ಲೆಕ್ಕ ವಸೂಲಿ ಮಾಡ್ತಾ ಇತ್ತು ಸರ್ಕಾರ. 302 ಸರ್ಕಾರದ ಮೇಲೆ ಕೋಪ ಮಾಡ್ಕೋಬೇಕು ಅಂದ್ರೆ ಇದಕ್ಕೆ ಮಾಡ್ಕೋಬಹುದು. ಇದು ಮಾತ್ರ ಅವರಿಗೆ ಬೇಡ.”

ಈ ಒಂದು ಅಂಶದಲ್ಲಿ ಗ್ರೂಪಿನ ಎರಡೂ ಬಣಗಳು ಸಮಾನವಾಗಿ ಜಾರಿದ್ದವು. ಬಂದವರಲ್ಲಿ ಒಬ್ಬನೂ ವಾಪಸ್ ಹೋಗಿಲ್ಲ ಎಂದಿತ್ತು 302, ಜೊತೆಗೆ ಏಳು ಉದ್ಗಾರ ಚಿಹ್ನೆ. ಎಲ್ಲರೂ ನಗುನಗುತ್ತಾ ಹೋದರು ಎಂದಿತ್ತು 104, ಜೊತೆಗೆ ಒಂದು ಇಂಗ್ಲಿಷ್ ಲೇಖನದ ಕೊಂಡಿ. ಅದನ್ನು ಕಳಿಸಿದವರೂ ತೆರೆದಂತಿರಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾದ ಮೇಲೆ, ಟ್ರಕ್ಕು ರೈಲುಗಳಲ್ಲಿ ನಿರಾಶ್ರಿತರನ್ನು ವಾಪಸ್ ಕಳಿಸಿದ್ದು ನಿಜ. ಉಳಿದುಕೊಂಡವರಿದ್ದದ್ದೂ ನಿಜ. 1971ಕ್ಕೂ ಮುಂಚೆ ಬಂದು ನೆಲೆಸಿದವರ ಕತೆಯೇ ಬೇರೆ. ಅಸ್ಸಾಮಿನಲ್ಲಿ ಈ ಲೆಕ್ಕ ಇನ್ನೂ ಮುಗಿದಿಲ್ಲ. 1985ರ ಒಪ್ಪಂದ 1971ರ ಮಾರ್ಚ್ 24ರ ನಡುರಾತ್ರಿಯನ್ನು ಗೆರೆಯಾಗಿ ಎಳೆಯಿತು. 2019ರ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ ಹೊರಗುಳಿದವರು 19 ಲಕ್ಷಕ್ಕೂ ಹೆಚ್ಚು. ಅದೇ ವರ್ಷದ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶ, ಆರು ಧರ್ಮಗಳಿಗೆ ಸೇರಿದವರಿಗೆ 2014ರ ಡಿಸೆಂಬರ್ 31 ಎಂಬ ಇನ್ನೊಂದು ಗೆರೆ ಎಳೆಯಿತು. ಇಷ್ಟೆಲ್ಲ ಗೆರೆಗಳಿರುವ ದೇಶ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಮಾಡಿಕೊಂಡಿಲ್ಲ.

“ಅಂದ್ರೆ ನನ್ನ ಮೈಮೇಲೆ ಬರೆದಿರೋದಕ್ಕೆ ಕಾನೂನಲ್ಲಿ ಜಾಗ ಇಲ್ಲ” ಎಂದಿತು ಚೀಟಿ. “ವಸೂಲಿಗೆ ಮಾತ್ರ ಇತ್ತು.”

ಅಷ್ಟರಲ್ಲಿ ಗ್ರೂಪಿನಲ್ಲಿ ಪೋಲೆಂಡಿನ ಮಕ್ಕಳು ಬಂದಿಳಿದರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸೋವಿಯತ್ ನೆಲದಿಂದ ಹೊರಬಿದ್ದ ಪೋಲಿಷ್ ಮಕ್ಕಳಿಗೆ ಜಾಮ್‌ನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟ ಕತೆ. ಕತೆ ನಿಜ, ವಾರ್ಸಾದಲ್ಲಿ ಅವರ ನೆನಪಿಗೆ ಒಂದು ಚೌಕವೂ ಇದೆ. ತಮಾಷೆ ಎಂದರೆ ಅದನ್ನು ಮೊದಲು ಹಾಕಿದ್ದು 104, ಐದು ನಿಮಿಷದಲ್ಲಿ ಅದನ್ನೇ ಮತ್ತೆ ಹಾಕಿದ್ದು 302. ಒಬ್ಬರಿಗೆ ಅದು ಬಾಗಿಲು ತೆರೆಯಬೇಕು ಎನ್ನುವುದಕ್ಕೆ ಸಾಕ್ಷಿ, ಇನ್ನೊಬ್ಬರಿಗೆ ನಾವು ಈಗಾಗಲೇ ಬೇಕಾದಷ್ಟು ತೆರೆದಿದ್ದೇವೆ ಎನ್ನುವುದಕ್ಕೆ. ಎರಡಕ್ಕೂ ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಜೋಡಿ ಬಾಣದ ಗುರುತು.

“ಕೊಲ್ಹಾಪುರದ ಪಕ್ಕ ವಳಿವಡೆ ಅಂತ ಇದೆ. ನಮ್ಮ ಬೆಳಗಾವಿಯಿಂದ ನೂರು ಚಿಲ್ಲರೆ ಕಿಲೋಮೀಟರು. ಅಲ್ಲಿ 1943ರಿಂದ ಸುಮಾರು ಐದು ಸಾವಿರ ಪೋಲಿಷ್ ಜನ ಇದ್ರು, ಬಾಲಾಚಡಿಗಿಂತ ಎಷ್ಟೋ ಪಾಲು ಜಾಸ್ತಿ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ಅದಕ್ಕೊಬ್ಬ ಮಹಾರಾಜ ಹೀರೋ ಸಿಗಲಿಲ್ಲ ನೋಡು” ಎಂದಿತು ಚೀಟಿ. ಐವತ್ತು ವರ್ಷ ಅಂಚೆಚೀಟಿಗಳ ನಡುವೆ ಕೂತರೆ ರಾಜರ ಮುಖದ ಬೆಲೆ ಯಾರಿಗೂ ತಿಳಿಯುತ್ತದೆ.

ಪ್ರತಿನಿಧಿ ಮುಖ್ಯ ಪ್ರಶ್ನೆಗೆ ಬಂದಳು. “ನಾವು ಇಲ್ಲಿನ ಮೂಲದವರು, ಹೊರಗಿನವರು ಬಂದು ನಮ್ಮ ಸಂಸ್ಕೃತಿ ಹಾಳಾಯ್ತು ಅಂತ 405ರವರು ಬರೆದಿದ್ದಾರೆ. ಇದಕ್ಕೇನಂತೀರಾ?”

ಚೀಟಿ ಕೆಮ್ಮಿತು. “405 ಅಂದ್ರೆ ಮೇಲುಕೋಟೆ ಕಡೆಯ ಅಯ್ಯಂಗಾರ್ರು ತಾನೆ? ಪ್ರತಿ ವರ್ಷ ವೈರಮುಡಿಗೆ ಹೋಗಿ ಬಂದು ಗ್ರೂಪಲ್ಲಿ ಫೋಟೋ ಹಾಕ್ತಾರೆ. ರಾಮಾನುಜರು ಅಲ್ಲಿಗೆ ಹೇಗೆ ಬಂದ್ರು ಅಂತ ಅವರ ಸಂಪ್ರದಾಯವೇ ಹೇಳುತ್ತಲ್ಲ. ಚೋಳ ರಾಜನ ಕಾಟ ತಾಳಲಾರದೆ ಹೊಯ್ಸಳ ರಾಜ್ಯಕ್ಕೆ ಬಂದ್ರು, ಹನ್ನೆರಡು ವರ್ಷ ಇದ್ರು. ಆವತ್ತು ಗಡಿಯಲ್ಲಿ ಯಾರಾದ್ರೂ ಆಧಾರ್ ಕೇಳಿದ್ರೆ ವೈರಮುಡಿ ಎಲ್ಲಿರ್ತಿತ್ತಮ್ಮ?” ಉಸಿರು ತಗೊಂಡು ಮುಂದುವರಿಸಿತು. “104 ಬೀಗಬೇಕಾಗಿಲ್ಲ. ಅವರ ಮನೆಯವರು ಗೋವಾದಲ್ಲಿ ಪೋರ್ಚುಗೀಸರ ಆಡಳಿತದ ಕಾಟಕ್ಕೆ ದೋಣಿ ಹತ್ತಿ ಕೆನರಾ ಕರಾವಳಿಗೆ ಬಂದ ಕೊಂಕಣಿಗರು. ಅಲ್ಲಿ 1560ರಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯವೇ ಶುರುವಾಯ್ತು. ಆಮೇಲೆ ಕೊಂಕಣಿ ಕ್ರೈಸ್ತರೂ ಅದೇ ಕರಾವಳಿಗೆ ಬಂದ್ರು. ಇಷ್ಟು ಹೇಳಿಕೊಳ್ಳೋದು ಬಿಟ್ಟು 104 ಇಂಗ್ಲಿಷ್ ಲೇಖನ ಯಾಕೆ ಕಳಿಸ್ತಾರೋ.”

“302?”

“ಅವರು ಉಳವಿಯ ಭಕ್ತರು. ಕಲ್ಯಾಣದ ಗಲಭೆ ಆದ್ಮೇಲೆ ಚೆನ್ನಬಸವಣ್ಣನವರು ಶರಣರನ್ನ ಕಟ್ಟಿಕೊಂಡು ಉಳವಿಗೆ ಸೇರಿದ್ದು ಯಾತ್ರೆಗಲ್ಲ. ಹಿಂದೆ ಕತ್ತಿ ಹಿಡಿದವರಿದ್ರು.”

302ರ ಮಟ್ಟಿಗೆ ಇನ್ನೊಂದು ಸಂಗತಿ ಪ್ರತಿನಿಧಿಯ ಕಣ್ಣಿಗೇ ಬಿತ್ತು. ಗ್ರೂಪಿನಲ್ಲಿ ಸ್ವಲ್ಪ ಹಿಂದಕ್ಕೆ ಹೋದರೆ ಕೊಡಗಿನ ಪ್ರವಾಸದ ಫೋಟೋಗಳು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಇಡೀ ಕುಟುಂಬ, ಹಿಂದೆ ಮೂರು ಬಂಗಾರದ ಮೂರ್ತಿಗಳು, ಆಮೇಲೆ ಒಂದು ತಟ್ಟೆ ಮೊಮೊ, ಕೆಳಗೆ ‘ಎಂಥ ಶಾಂತಿ!’ ಎಂಬ ಒಕ್ಕಣೆ. ದಲೈ ಲಾಮಾ ಭಾರತಕ್ಕೆ ಕಾಲಿಟ್ಟದ್ದು 1959ರ ಮಾರ್ಚ್ 31ರಂದು. ಮರುವರ್ಷವೇ ಮೈಸೂರು ರಾಜ್ಯ ಕೊಟ್ಟ ಸುಮಾರು ಮೂರು ಸಾವಿರ ಎಕರೆಯಲ್ಲಿ ಬೈಲಕುಪ್ಪೆಯ ವಸಾಹತು ಶುರುವಾಯಿತು. ಬಂದವರು ಕಾಡು ಕಡಿದರು, ಆನೆಗಳನ್ನು ಎದುರಿಸಿದರು, ಮುಸುಕಿನ ಜೋಳ ಬೆಳೆದರು, ಚಳಿಗಾಲಕ್ಕೆ ಊರೂರು ತಿರುಗಿ ಸ್ವೆಟರ್ ಮಾರಿದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ವಸಾಹತುಗಳಾದವು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲೇ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು 2013ರಲ್ಲಿ ಹೇಳಿದ್ದು ನಮ್ಮದೇ ಹೈಕೋರ್ಟು. ಇದು ಗೊತ್ತಿದ್ದರೆ 302 ಮೊಮೊ ಬಿಡುತ್ತಿದ್ದರೋ ವಾದ ಬಿಡುತ್ತಿದ್ದರೋ ಹೇಳಲಾಗದು.

ಸಿಂಧನೂರಿನ ಆರ್.ಎಚ್. ಕ್ಯಾಂಪುಗಳನ್ನಂತೂ ಯಾರೂ ಎತ್ತಿರಲಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ಅಲ್ಲಿ ಅರ್ಧ ಶತಮಾನದಿಂದ ತುಂಗಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದಾರೆ. ಅವರ ಮಾತೂ ಕಸದ ಹುಡುಗ ಮಾತಾಡಿದ ಅದೇ ಬಂಗಾಳಿ. ಅವನು ಎಲ್ಲಿಯವನು ಎಂದು ಅಪಾರ್ಟ್‌ಮೆಂಟಿನಲ್ಲಿ ಯಾರೂ ಕೇಳಿಲ್ಲ, ಕೇಳಿದರೆ ಉತ್ತರ ಸಿಕ್ಕಿ ಚರ್ಚೆ ಮುಗಿದುಹೋಗುವ ಅಪಾಯವಿದೆ.

“ನಿಮ್ಮ ಐದು ಪೈಸೆಯಿಂದ ಏನು ಉಪಯೋಗ ಆಯ್ತು ತಾತ? ಒಂದು ಉದಾಹರಣೆ ಕೊಡಿ.”

ಇಲ್ಲಿ ಚೀಟಿಯ ದನಿ ಸ್ವಲ್ಪ ಬದಲಾಯಿತು. “ನನ್ನ ಪೈಸೆ ಎಲ್ಲಿ ಹೋಯ್ತೋ ಯಾವ ಚೀಟಿಗೂ ತಿಳಿಯಲ್ಲ. ಆದ್ರೆ ಆ ಶರಣಾರ್ಥಿಗಳಿದ್ದ ಬನಗಾಂವ್ ಶಿಬಿರದ ಕತೆ ಹೇಳ್ತೀನಿ. ಕಾಲರಾ ಹರಡಿತ್ತು. ರಕ್ತನಾಳಕ್ಕೆ ಏರಿಸೋ ಸಲೈನ್ ಬಾಟಲಿ ಮುಗಿದುಹೋಗಿತ್ತು. ಡಾಕ್ಟರ್ ದಿಲೀಪ್ ಮಹಲನಬಿಸ್ ಅನ್ನೋರು ಗ್ಲೂಕೋಸ್, ಅಡುಗೆ ಉಪ್ಪು, ಸೋಡಾ ಪುಡಿ ಅಳೆದು ಪೊಟ್ಟಣ ಕಟ್ಟಿಸಿದ್ರು. ನಲ್ಲಿ ಇದ್ದ ಡ್ರಮ್ಮಿನಲ್ಲಿ ಕಲಸಿಟ್ರು. ರೋಗಿಯ ಅಮ್ಮನೋ ಅಕ್ಕನೋ ಲೋಟ ಹಿಡಿದು ತುಂಬಿಸಿಕೊಂಡು ಹೋಗಿ ಕುಡಿಸೋರು. ನೂರಕ್ಕೆ ಸುಮಾರು ಮೂವತ್ತು ಜನ ಸಾಯ್ತಿದ್ದ ಕಡೆ ಸಾವು ನಾಲ್ಕಕ್ಕಿಂತ ಕೆಳಗಿಳೀತು. ಅದೇ ಓಆರ್‌ಎಸ್. 302ರವರ ಮೊಮ್ಮಗನಿಗೆ ಹೋದ ವಾರ ವಾಂತಿ ಭೇದಿ ಆದಾಗ ಮೆಡಿಕಲ್ ಶಾಪಿಂದ ತಂದ್ರಲ್ಲ, ಅದೇ ಪೊಟ್ಟಣ.” ಮಹಲನಬಿಸ್ ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು 2023ರಲ್ಲಿ. ಸರ್ಕಾರಕ್ಕೆ ವಸೂಲಿಯಲ್ಲಿ ಇದ್ದ ಚುರುಕು ಗೌರವಿಸುವುದರಲ್ಲಿ ಇರಲಿಲ್ಲ.

ಈ ಮಾತುಗಳನ್ನೆಲ್ಲ ಪೋಸ್ಟ್‌ಮಾಸ್ಟರು ಕನ್ನಡದಲ್ಲಿ ಒಂದೊಂದಾಗಿ ಟೈಪು ಮಾಡಿ ಗ್ರೂಪಿಗೆ ಹಾಕಿದರು. ಮೊದಲು ಬಂದದ್ದು 205ರ ಪ್ರಶ್ನೆ: ಆ ಸ್ಟ್ಯಾಂಪನ್ನು ಈಗ ಮಾರಿದರೆ ಎಷ್ಟು ಬರುತ್ತೆ ಸಾರ್? ಆಮೇಲೆ 302: ಬೆಂಗಳೂರು ಮುದ್ರೆಯ ಸ್ಟ್ಯಾಂಪುಗಳಲ್ಲಿ ಖೋಟಾ ಇರುತ್ತವಂತೆ, ಇದು ಅಸಲಿ ಅನ್ನೋದಕ್ಕೆ ದಾಖಲೆ ಇದೆಯಾ? ಅಚ್ಚರಿಯೆಂದರೆ 104 ಈ ಬಾರಿ 302ಕ್ಕೆ ಹೆಬ್ಬೆರಳು ಒತ್ತಿತು.

“ನೋಡಿದ್ಯಾ, ನನ್ನ ಪೇಪರ್ರೂ ಕೇಳ್ತಾ ಇದ್ದಾರೆ” ಎಂದಿತು ಚೀಟಿ. “ಐದು ಪೈಸೆಗೆ ಯಾವ ಕೌಂಟರಲ್ಲಿ ರಸೀದಿ ಕೊಡ್ತಿದ್ರಮ್ಮ?”

ಅಷ್ಟರಲ್ಲಿ ಅಡ್ಮಿನ್ ಮಧ್ಯೆ ಬಂದರು. ದಾಖಲೆ ಸಿಗುವವರೆಗೆ ಸ್ಟ್ಯಾಂಪಿನ ಚರ್ಚೆ ಬಂದ್, ಗ್ರೂಪಿನಲ್ಲಿ ಇನ್ನು ರಾಜಕೀಯ ಬೇಡ, ನೀರಿನ ಟ್ಯಾಂಕರ್ ದುಡ್ಡು ಮೂರು ತಿಂಗಳಿಂದ ಕೊಡದವರು ಭಾನುವಾರದೊಳಗೆ ಕೊಡತಕ್ಕದ್ದು ಎಂದು ಬರೆದು ಬಾಕಿದಾರರ ಪಟ್ಟಿ ಹಾಕಿದರು: 104, 302, 405.