ಗುಟ್ಟು ಮತ್ತು ರಟ್ಟು: ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಧ್ವನಿವಿಚಾರ

ಕಾವ್ಯದ ಆತ್ಮ ಧ್ವನಿ ಎಂದು ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಸಾಧಿಸಿದಾಗ ಅವನ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಇದ್ದಿದ್ದರೆ, ಧ್ವನಿ ಇರುವುದು ಕರಿ ತಟ್ಟೆಯ ಗೀರಿನಲ್ಲೋ, ತಟ್ಟೆಯನ್ನು ತೂರಿಸಿಟ್ಟ ರಟ್ಟಿನ ಮೇಲೋ ಎಂಬ ಜಗಳವನ್ನು ಅವನೇ ಇತ್ಯರ್ಥಪಡಿಸಿ ಹೋಗುತ್ತಿದ್ದ. ಈ ಪ್ರಬಂಧಕ್ಕೆ ಕೆಲಸವಿರುತ್ತಿರಲಿಲ್ಲ. ಕನ್ನಡ ಭಾಷೆ ಮಾತ್ರ ತನ್ನ ತೀರ್ಪನ್ನು ಆಗಲೇ ಕೊಟ್ಟುಬಿಟ್ಟಿದೆ. ರೆಕಾರ್ಡಿಗೆ ಅದು ಧ್ವನಿಮುದ್ರಿಕೆ ಎನ್ನುತ್ತದೆ; ಗುಟ್ಟು ಹೊರಬಿದ್ದರೆ ರಟ್ಟಾಯಿತು ಎನ್ನುತ್ತದೆ. ಎರಡನ್ನೂ ಕೂಡಿಸಿ ಓದಿದವರಿಗೆ ಸಿದ್ಧಾಂತ ತಾನಾಗಿ ಕಾಣುತ್ತದೆ: ಹೊದಿಕೆ ಎಷ್ಟು ಕಡಿಮೆ ಹೇಳುತ್ತದೋ ಅಭಿಮಾನಿ ಅಷ್ಟು ಹೆಚ್ಚು ಕೇಳಿಸಿಕೊಳ್ಳುತ್ತಾನೆ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ರೆಕಾರ್ಡನ್ನು ಹಾಕುವುದಕ್ಕೆ ಮೊದಲು ಹೊದಿಕೆಯನ್ನು ಬೆಳಕಿಗೆ ಹಿಡಿದು, ಮೂಸಿ, ತಿರುಗಿಸಿ, ಅಂಚಿನ ಸಣ್ಣಕ್ಷರವನ್ನೆಲ್ಲ ಓದಿ ಮುಗಿಸುವವನು. ಹಾಡು ಕೇಳಿ ಎದ್ದುಹೋಗುವವನಿಗೆ ಇಲ್ಲಿ ಪ್ರವೇಶವಿಲ್ಲ. ಅವನು ಸಂಗೀತಪ್ರೇಮಿ ಅಷ್ಟೇ.

ಇತಿಹಾಸವನ್ನು ಬೇಗ ಮುಗಿಸಬಹುದು. 78ರ ವೇಗದ ಹಳೆಯ ತಟ್ಟೆಗಳಲ್ಲಿ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷದ ಸಂಗೀತ ಹಿಡಿಸುತ್ತಿತ್ತು. ಒಂದು ದೊಡ್ಡ ಕೃತಿಗೆ ಹಲವು ತಟ್ಟೆ ಬೇಕು; ಅವನ್ನು ಫೋಟೊ ಆಲ್ಬಮ್ಮಿನಂಥ ದಪ್ಪ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. ಆಲ್ಬಮ್ ಎಂಬ ಹೆಸರು ಬಂದದ್ದು ಹಾಗೆ. ಹೊರಗೆ ಬಣ್ಣಗೆಟ್ಟ ರಟ್ಟು, ಅದರ ಮೇಲೆ ಅಚ್ಚಾದ ಹೆಸರು. ಕೊಲಂಬಿಯಾ ಕಂಪನಿಗೆ ಸೇರಿದ ತರುಣ ಕಲಾವಿದ ಅಲೆಕ್ಸ್ ಸ್ಟೈನ್‌ವೈಸ್ ಇವುಗಳನ್ನು ಗೋರಿಕಲ್ಲುಗಳೆಂದು ಕರೆದ. 1940ರ ಆಸುಪಾಸಿನಲ್ಲಿ ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಹಾಡುಗಳ ಆಲ್ಬಮ್ಮಿಗಾಗಿ ನ್ಯೂಯಾರ್ಕಿನ ಒಂದು ನಾಟಕಶಾಲೆಯ ದೀಪದ ಫಲಕದ ಅಕ್ಷರಗಳನ್ನೇ ಬದಲಿಸಿ ಬರೆಸಿ, ಅದರ ಫೋಟೊ ತೆಗೆಸಿ ಮೇಲೆ ಹಾಕಿದ. 1948ರಲ್ಲಿ ಅದೇ ಕಂಪನಿ ಎಲ್.ಪಿ. ತಂದಿತು. ಹನ್ನೆರಡು ಅಂಗುಲದ ತಟ್ಟೆಗೆ ಅಷ್ಟೇ ಅಗಲದ ಚೌಕ ರಟ್ಟು: ಕಲಾವಿದನಿಗೆ ಕ್ಯಾನ್ವಾಸು, ಅಭಿಮಾನಿಗೆ ಶಿಲಾಶಾಸನ.

ಶಾಸನವೆಂದದ್ದು ಅಲಂಕಾರಕ್ಕಲ್ಲ. ಗೋರಿಕಲ್ಲನ್ನು ಓಡಿಸಿದ ಸ್ಟೈನ್‌ವೈಸ್‌ಗೆ ಮೂವತ್ತು ವರ್ಷದೊಳಗೆ ಅದೇ ರಟ್ಟು ವೀರಗಲ್ಲಾಗಿ ಎದ್ದು ನಿಲ್ಲುತ್ತದೆಂಬ ಅಂದಾಜು ಇದ್ದಿರಲಾರದು. ಬೀಟಲ್ಸ್ ತಂಡದ ‘ಅಬ್ಬಿ ರೋಡ್’ ಹೊದಿಕೆಯನ್ನು ಈ ಪ್ರಬಂಧ ಆ ವರ್ಗಕ್ಕೇ ಸೇರಿಸುತ್ತದೆ.

ಮೊದಲು ವಾಚ್ಯಾರ್ಥ, ಅಂದರೆ ಕಣ್ಣಿಗೆ ಕಂಡದ್ದು. 1969ರ ಆಗಸ್ಟ್ 8ರ ಬೆಳಗ್ಗೆ ಲಂಡನ್ನಿನ ಆ ರಸ್ತೆಯಲ್ಲಿ ಪೊಲೀಸನೊಬ್ಬ ವಾಹನಗಳನ್ನು ತಡೆದು ನಿಲ್ಲಿಸಿದ. ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ರಸ್ತೆಯ ನಡುವೆ ಏಣಿ ಹಾಕಿ ಹತ್ತಿದರು. ನಾಲ್ವರು ಗಂಡಸರು ಜೀಬ್ರಾ ಪಟ್ಟೆಯ ಮೇಲೆ ಅತ್ತಿಂದಿತ್ತ ನಡೆದರು. ಹತ್ತು ನಿಮಿಷ, ಆರು ಚಿತ್ರ, ಮುಗಿಯಿತು. ಮುಖಪುಟದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ರಸ್ತೆ ದಾಟುತ್ತಿದ್ದಾರೆ ಎಂಬುದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳದ ಚಿತ್ರ.

ಇನ್ನು ವ್ಯಂಗ್ಯಾರ್ಥ, ಅಂದರೆ ಅಭಿಮಾನಿಗೆ ಹೊಳೆದದ್ದು. ಮುಂದೆ ನಡೆಯುವ ಜಾನ್ ಲೆನನ್ ಬಿಳಿ ಬಟ್ಟೆಯಲ್ಲಿದ್ದಾನೆ, ಆದ್ದರಿಂದ ಪುರೋಹಿತ. ರಿಂಗೊ ಕರಿ ಸೂಟಿನಲ್ಲಿದ್ದಾನೆ, ಆದ್ದರಿಂದ ಶವಸಂಸ್ಕಾರ ನಡೆಸುವವನು. ಕೊನೆಯ ಜಾರ್ಜ್ ಹ್ಯಾರಿಸನ್ ಒರಟು ಡೆನಿಮ್ ತೊಟ್ಟಿದ್ದಾನೆ, ಆದ್ದರಿಂದ ಗುಂಡಿ ತೋಡುವವನು. ಮೂರನೆಯವನಾದ ಪಾಲ್ ಮೆಕಾರ್ಟ್ನಿ ಬರಿಗಾಲಲ್ಲಿದ್ದಾನೆ. ಹೆಜ್ಜೆ ಉಳಿದವರಿಗೆ ಹೊಂದುತ್ತಿಲ್ಲ. ಎಡಗೈಯವನಾಗಿದ್ದರೂ ಸಿಗರೇಟು ಬಲಗೈಯಲ್ಲಿದೆ. ಆದ್ದರಿಂದ ಸತ್ತಿದ್ದಾನೆ. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ ಎಂದು ಮೂರು ಅಂತಸ್ತು ಇರುವಂತೆ ಇಲ್ಲಿ ಎಲ್ಲವೂ ಅಡ್ಡಲಾಗಿ ಒಂದೇ ಸಾಲಿನಲ್ಲಿ ಸಾಗಿದೆ. ವ್ಯತ್ಯಾಸ ಒಂದೇ, ನಮ್ಮಲ್ಲಿ ವೀರ ಸತ್ತ ಮೇಲೆ ಕಲ್ಲು ನೆಡುತ್ತಾರೆ.

ಪೂರ್ವಪಕ್ಷದವರು ಹೇಳುತ್ತಾರೆ: ಅಂದು ಸೆಕೆಯಿತ್ತು, ಪಾಲ್ ಚಪ್ಪಲಿ ಕಳಚಿದ; ಆರು ಚಿತ್ರಗಳ ಪೈಕಿ ಕೆಲವುಗಳಲ್ಲಿ ಚಪ್ಪಲಿ ಇದ್ದೇ ಇದೆ. ಈ ವಾದ ನಿಲ್ಲುವುದಿಲ್ಲ. ಚಪ್ಪಲಿ ಇರುವ ಚಿತ್ರ ಅಚ್ಚಾಗಲಿಲ್ಲ, ಅಚ್ಚಾಗದ್ದು ಪ್ರಮಾಣವಲ್ಲ.

ಪಾಠಾಂತರದ ಪ್ರಶ್ನೆ ಇದಕ್ಕಿಂತ ಗಹನವಾದದ್ದು. ಚಿತ್ರದ ಎಡಕ್ಕೆ ನಿಂತ ಬಿಳಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನಂಬರ್ ಪ್ಲೇಟಿನಲ್ಲಿ ‘ಎಲ್‌ಎಂಡಬ್ಲ್ಯೂ 281ಎಫ್’ ಎಂದಿದೆ. ಕೊನೆಯ ಎಫ್ ಅಕ್ಷರ 1967–68ರ ಸಾಲಿನ ನೋಂದಣಿಯ ಗುರುತು ಎಂದು ಬ್ರಿಟನ್ನಿನ ಯಾವ ಗುಮಾಸ್ತನೂ ಹೇಳಬಲ್ಲ. ಅಭಿಮಾನಿ ಒಪ್ಪಲಿಲ್ಲ. ಒಂದು ಎಂಬ ಅಂಕಿಯನ್ನು ಅವನು ‘ಐ’ ಎಂಬ ಅಕ್ಷರವಾಗಿ ಓದಿದ. ‘28 ಇಫ್’, ಅಂದರೆ ಬದುಕಿದ್ದರೆ ಇಪ್ಪತ್ತೆಂಟು ಎಂದು ಅರ್ಥ ಹೊರಡಿಸಿದ. ಶಾಸನದ ಒಂದು ಗೀಟು ಅಂಕಿಯೋ ಅಕ್ಷರವೋ ಎಂದು ಜೀವಮಾನವಿಡೀ ಮಾತು ಬಿಟ್ಟ ವಿದ್ವಾಂಸರನ್ನು ಕಂಡ ಕನ್ನಡಿಗರಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ತೊಡಕು ಗಣಿತದಲ್ಲಿ. ಪಾಲ್ ಹುಟ್ಟಿದ್ದು 1942ರ ಜೂನ್ 18. ಆಲ್ಬಮ್ ಹೊರಬಂದ 1969ರ ಸೆಪ್ಟೆಂಬರಿನಲ್ಲಿ ಅವನಿಗೆ ತುಂಬಿದ್ದು ಇಪ್ಪತ್ತೇಳು. ಪಾಶ್ಚಾತ್ಯ ಭಾಷ್ಯಕಾರರು ಇಲ್ಲಿ ಬಹಳ ಬೆವರಿದ್ದಾರೆ. ಪೂರ್ವದೇಶದವರು ವಯಸ್ಸನ್ನು ಗರ್ಭದಿಂದಲೇ ಎಣಿಸುತ್ತಾರಂತೆ ಎಂದು ಕೆಲವರು ತಲೆ ತಪ್ಪಿಸಿಕೊಂಡರು. ಅಷ್ಟು ದೂರ ಹೋಗಬೇಕಿರಲಿಲ್ಲ. ಜಾತಕ ಹಿಡಿದು ಗಂಡು ನೋಡಲು ಹೊರಟ ಯಾವ ಹಿರಿಯರನ್ನು ಕೇಳಿದ್ದರೂ ಬಿಡಿಸುತ್ತಿದ್ದರು: ಹುಡುಗನಿಗೆ ಇಪ್ಪತ್ತೇಳು ತುಂಬಿ ಇಪ್ಪತ್ತೆಂಟು ನಡೆಯುತ್ತಿದೆ.

ಈ ಶಾಸ್ತ್ರದ ಮೂಲಗ್ರಂಥ ಯಾವುದೆಂದರೆ, ಒಂದು ಅಣಕು. 1969ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ರೇಡಿಯೊದಲ್ಲಿ ಪಾಲ್ ಸತ್ತ ಗಾಳಿಸುದ್ದಿ ಹಬ್ಬಿದಾಗ, ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಲಬೋರ್ ಕ್ಯಾಂಪಸ್ ಪತ್ರಿಕೆಗೆ ‘ಅಬ್ಬಿ ರೋಡ್’ ವಿಮರ್ಶೆ ಬರೆದುಕೊಡಬೇಕಿತ್ತು. ವಿಮರ್ಶೆಯ ಬದಲು ಅವನು ಗಂಭೀರ ಮುಖ ಮಾಡಿಕೊಂಡು ಪಾಲ್‌ನ ಮರಣವಾರ್ತೆ ಬರೆದ. ಸಾಲದ ಸುಳಿವುಗಳನ್ನು ತಾನೇ ಹುಟ್ಟಿಸಿದ. ಅಕ್ಟೋಬರ್ 14ರಂದು ಅದು ಅಚ್ಚಾಯಿತು, ದೇಶವೆಲ್ಲ ನಂಬಿತು. ಟಿವಿಗಾಗಿ ಏರ್ಪಡಿಸಿದ ಅಣಕು ವಿಚಾರಣೆಗೆ ಸಾಕ್ಷಿಯಾಗಿ ಅವನನ್ನು ಕರೆಸಿದಾಗ ಎಲ್ಲ ತನ್ನ ಕಲ್ಪನೆಯೆಂದು ವಕೀಲರೆದುರು ಒಪ್ಪಿಕೊಂಡ, ಕಾರ್ಯಕ್ರಮ ನಿಲ್ಲಲಿಲ್ಲ. ‘ಲೈಫ್’ ಪತ್ರಿಕೆಯವರು ಸ್ಕಾಟ್ಲೆಂಡಿನ ತೋಟದಲ್ಲಿದ್ದ ಪಾಲ್‌ನನ್ನೇ ಹುಡುಕಿ ಹೋಗಿ, ಜೀವಂತ ಇದ್ದಾನೆಂದು ನವೆಂಬರಿನಲ್ಲಿ ಪ್ರಕಟಿಸಿದರು. ಮೂಲಕರ್ತೃವೇ ಅರ್ಥವನ್ನು ಅಲ್ಲಗಳೆದರೆ ಭಾಷ್ಯಕಾರನಿಗೆ ಏನು ಗತಿ? ಏನೂ ಇಲ್ಲ, ಅವನು ಟಿಪ್ಪಣಿ ಸೇರಿಸುತ್ತಾನೆ. ಬೀಟಲ್ ಕಾರಿನ ನಂಬರ್ ಪ್ಲೇಟು ಕಳವಾಗುತ್ತಲೇ ಇತ್ತು. 2010ರಲ್ಲಿ ಬ್ರಿಟಿಷ್ ಸರಕಾರ ಆ ಜೀಬ್ರಾ ಪಟ್ಟೆಯನ್ನೇ ಪಾರಂಪರಿಕ ರಕ್ಷಿತ ಸ್ಥಳವೆಂದು ಸಾರಿತು. ನಾಲ್ಕು ಡಬ್ಬಿ ಬಿಳಿ ಬಣ್ಣಕ್ಕೆ ಈ ಯೋಗ ಬೇರೆಲ್ಲೂ ಕೂಡಿಬಂದಂತಿಲ್ಲ.

ಈಗ ಹಸುವಿನ ವಿಷಯ. ಪಿಂಕ್ ಫ್ಲಾಯ್ಡ್ ತಂಡದ ‘ಆಟಮ್ ಹಾರ್ಟ್ ಮದರ್’ (1970) ಮುಖಪುಟದಲ್ಲಿ ಹುಲ್ಲುಗಾವಲು, ಒಂದು ಹಸು. ಹಿಂಬದಿಯನ್ನು ನಮಗೆ ತೋರಿಸಿ, ಯಾರಪ್ಪಾ ಎಂಬಂತೆ ತಿರುಗಿ ನೋಡುತ್ತಿದೆ. ಒಂದಕ್ಷರವೂ ಇಲ್ಲ. ಹಿಪ್ನೋಸಿಸ್ ಎಂಬ ವಿನ್ಯಾಸ ಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್ ಹೇಳಿಕೊಂಡಂತೆ, ಆತ ಲಂಡನ್ನಿನಿಂದ ಹಳ್ಳಿಗಾಡಿಗೆ ಕಾರು ಓಡಿಸಿ ಮೊದಲು ಕಂಡ ಹಸುವಿನ ಫೋಟೊ ತೆಗೆದ. ರೆಕಾರ್ಡ್ ಕಂಪನಿಯವರು ತಲೆ ಚಚ್ಚಿಕೊಂಡರು. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಹಸು ಎಂದರೇನು ಎಂಬಲ್ಲಿಂದಲೇ ಶಬ್ದಶಾಸ್ತ್ರ ಶುರುವಾಗುತ್ತದೆ. ಪತಂಜಲಿಯ ಮಹಾಭಾಷ್ಯದ ಆರಂಭದಲ್ಲಿ ಗೋವಿನ ಗುರುತು ಐದು: ಗಂಗೆದೊಗಲು, ಬಾಲ, ಹಿಣಿಲು, ಗೊರಸು, ಕೊಂಬು. ನೈಯಾಯಿಕರು ಒಂದು ಹೆಜ್ಜೆ ಮುಂದೆ ಹೋಗಿ, ಗಂಗೆದೊಗಲಿದ್ದರೆ ಸಾಕು, ಅದೇ ಗೋವಿನ ಲಕ್ಷಣ ಎಂದರು. ಆದರೆ ಪಿಂಕ್ ಫ್ಲಾಯ್ಡಿನ ಹಸು ಹೋಲ್‌ಸ್ಟೀನ್ ಫ್ರೀಸಿಯನ್, ನಮ್ಮ ಡೇರಿಯವರ ಬಾಯಲ್ಲಿ ಎಚ್ಚೆಫ್. ಆ ತಳಿಗೆ ಹಿಣಿಲಿಲ್ಲ. ಗಂಗೆದೊಗಲು ಹಳ್ಳಿಕಾರಿನ ಮುಂದೆ ನಾಚಿಕೊಳ್ಳಬೇಕು. ಹಾಗಾಗಿ ತರ್ಕಶಾಸ್ತ್ರದ ಪ್ರಕಾರ ಆ ಮುಖಪುಟದಲ್ಲಿ ಹಸುವೇ ಇಲ್ಲ. ಅದು ಭೂಮಾತೆಯೆಂದೂ, ಮೃದು ಯಂತ್ರವೆಂದೂ, ಬಂಡವಾಳಶಾಹಿಯ ಅಣಕವೆಂದೂ ಅಭಿಮಾನಿಗಳು ಪರಿಪರಿಯಾಗಿ ಓದಲು ಈ ಶೂನ್ಯವೇ ಎಡೆ ಮಾಡಿಕೊಟ್ಟಿತು. ಹಸುವಿಗೆ ಹೆಸರೂ ಇತ್ತು: ಮೂರನೆಯ ಲುಲುಬೆಲ್. ಮಂಡ್ಯದ ಕಡೆಯ ಹಾಲು ಹಾಕುವವರಿಗೆ ಇದನ್ನು ತೋರಿಸಿದರೆ ಅವರು ಕೇಳಬಹುದಾದದ್ದು ಎರಡೇ: ದಿನಕ್ಕೆ ಎಷ್ಟು ಲೀಟರು, ಎಷ್ಟನೆಯ ಸೂಲು. ಎರಡನೆಯ ಪ್ರಶ್ನೆಗಾದರೂ ಹೆಸರಿನಲ್ಲೇ ಉತ್ತರವಿದೆ ಎಂದು ಅವರು ತಿಳಿದಾರು.

ಅದೇ ತಂಡದ, ಅದೇ ಸಂಸ್ಥೆಯ ‘ಡಾರ್ಕ್ ಸೈಡ್ ಆಫ್ ದ ಮೂನ್’ (1973) ಮುಖಪುಟಕ್ಕೆ ಜಾರ್ಜ್ ಹಾರ್ಡಿ ಬಿಡಿಸಿದ ಪಟ್ಟಕದ ಬಗ್ಗೆ ಲೋಕವೆಲ್ಲ ಬರೆದಿದೆ. ಇಲ್ಲಿ ಒಂದೇ ಆಕ್ಷೇಪ. ಬಿಳಿ ಬೆಳಕು ಒಡೆದು ಹೊರಬರುವ ಬಣ್ಣಗಳು ಆರು. ಇಂಡಿಗೊ ಇಲ್ಲ. ಏಳನೆಯ ತರಗತಿಯ ಹುಡುಗ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಅರ್ಧ ಅಂಕ ಹೋಗುತ್ತಿತ್ತು. ಇಂಗ್ಲೆಂಡಿಗೆ ಬಂಗಾಳದ ನೀಲಿಯ ಋಣ ನೆನಪಾಗಿ ಆ ಬಣ್ಣವನ್ನು ಬಿಟ್ಟಿತೆಂದು ವಾದಿಸುವ ಆಸೆ ಈ ಪ್ರಬಂಧಕ್ಕೂ ಇದೆ. ಆಧಾರ ಸಾಲದು. ಆಧಾರ ಸಾಲದಿರುವುದು ಈ ಶಾಸ್ತ್ರದಲ್ಲಿ ದೋಷವಲ್ಲ ಎಂಬುದೂ ನಿಜ.

ನಿಜವಾದ ದೋಷ ಇನ್ನೊಂದು ಕಡೆ ಇದೆ. ಶಬ್ದ ಮತ್ತು ಅರ್ಥ ಕೂಡಿ ಬಾಳಬೇಕೆಂದು ಭಾಮಹ ಹೇಳಿದ್ದ. ಆಂಡಿ ವಾರ್ಹೋಲ್ ಅವನನ್ನು ಓದಿರಲಿಲ್ಲ. 1971ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಟಿಕಿ ಫಿಂಗರ್ಸ್’ಗೆ ಅವನ ಆಲೋಚನೆಯಂತೆ ಜೀನ್ಸ್ ಪ್ಯಾಂಟಿನ ಚಿತ್ರ ಹಾಕಿ, ಅದಕ್ಕೆ ನಿಜವಾದ ಜಿಪ್ಪನ್ನೇ ಕೂರಿಸಿದರು. ಒಂದರ ಮೇಲೊಂದು ಪೇರಿಸಿ ಸಾಗಿಸಿದಾಗ ಜಿಪ್ಪಿನ ಗುಬುಟು ಪಕ್ಕದ ರೆಕಾರ್ಡಿಗೆ ಒತ್ತಿ, ‘ಸಿಸ್ಟರ್ ಮಾರ್ಫೀನ್’ ಹಾಡಿನ ಜಾಗದಲ್ಲಿ ತಟ್ಟೆ ಕೆಟ್ಟಿತು. ಅಲಂಕಾರವೇ ಕಾವ್ಯದ ದೇಹವನ್ನು ಪರಚಿದ ಇಂಥ ಪ್ರಕರಣ ಆಲಂಕಾರಿಕರ ದೋಷಪ್ರಕರಣದಲ್ಲಿ ಸಿಗುವುದಿಲ್ಲ. ಪರಿಹಾರ ಮಾತ್ರ ಸರಳ: ಕಾರ್ಖಾನೆಯಲ್ಲೇ ಜಿಪ್ಪನ್ನು ಅರ್ಧ ಇಳಿಸಿ ಕಳಿಸಿದರು. ಒತ್ತು ನಡುವಿನ ಲೇಬಲ್ಲಿನ ಮೇಲೆ ಬಿತ್ತು, ಹಾಡು ಉಳಿಯಿತು. ಮಾನ ಮುಚ್ಚಿದ್ದರೆ ಹಾಡು ಹೋಗುತ್ತಿತ್ತು.

ಭಾರತದ ಪಾಲು ಇಲ್ಲಿ ಇಷ್ಟು. 1967ರ ‘ಸಾರ್ಜೆಂಟ್ ಪೆಪರ್ಸ್’ ಮುಖಪುಟಕ್ಕೆ ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ನೆರೆಸಿದ ಜನಜಂಗುಳಿಯಲ್ಲಿ ಹ್ಯಾರಿಸನ್ ಬಯಕೆಯಂತೆ ಯೋಗಾನಂದ, ಯುಕ್ತೇಶ್ವರ, ಲಾಹಿರಿ ಮಹಾಶಯ, ಬಾಬಾಜಿ ಬಂದು ನಿಂತರು. ಮುಂದೆ ಒಂದು ಪುಟ್ಟ ಲಕ್ಷ್ಮಿಯೂ ಕೂತಳು. ಗಾಂಧಿಯವರೂ ಇದ್ದರು, ಭಾರತದಲ್ಲಿ ಗಲಾಟೆಯಾದೀತೆಂದು ಕಂಪನಿಯವರು ತೆಗೆಸಿದರು. ಅದೇ ವರ್ಷ ಜಿಮಿ ಹೆಂಡ್ರಿಕ್ಸ್‌ನ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಬಂತು. ಅದರಲ್ಲಿ ನಮ್ಮ ಅಂಗಡಿಯ ಕ್ಯಾಲೆಂಡರಿನಂಥ ವಿಶ್ವರೂಪದರ್ಶನ, ನಡುವೆ ವಿಷ್ಣುವಿನ ಜಾಗದಲ್ಲಿ ಹೆಂಡ್ರಿಕ್ಸ್ ಮತ್ತು ಅವನ ಇಬ್ಬರು ಜೊತೆಗಾರರ ಮುಖ. ಹೆಂಡ್ರಿಕ್ಸ್‌ಗೆ ಇದು ಹಿಡಿಸಲಿಲ್ಲ. ಅವನ ವಂಶದ ಇಂಡಿಯನ್ನರು ಅಮೆರಿಕದ ಮೂಲನಿವಾಸಿಗಳು. ಚಿತ್ರ ಬಿಡಿಸಿದವರ ಇಂಡಿಯನ್ನರು ಬೇರೆ. ಕೊಲಂಬಸ್ ಮಾಡಿದ ತಪ್ಪನ್ನು ಲಂಡನ್ನಿನ ಸ್ಟುಡಿಯೊ ಹಿಂದುಮುಂದಾಗಿ ಮಾಡಿತು.

ಸಂಶೋಧನೆಯೇ ಹೊದಿಕೆಯಾದ ನಿದರ್ಶನ ಒಂದುಂಟು, ಪಿಎಚ್.ಡಿ. ಮಾಡಿಯೂ ಹೆಸರು ಬಾರದವರ ಸಮಾಧಾನಕ್ಕೆ ಅದನ್ನು ಹೇಳಬೇಕು. ಹೆರಾಲ್ಡ್ ಕ್ರಾಫ್ಟ್ 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ, ಮೊದಲು ಪತ್ತೆಯಾದ ಪಲ್ಸಾರ್ ನಕ್ಷತ್ರದ ಎಂಬತ್ತು ಮಿಡಿತಗಳ ನಕ್ಷೆ ಒಂದರ ಮೇಲೊಂದಾಗಿ ಬೆಟ್ಟಸಾಲಿನಂತೆ ಇತ್ತು. ಅದು ಒಂದು ಖಗೋಳ ವಿಶ್ವಕೋಶಕ್ಕೆ ಹೋಯಿತು. ಅಲ್ಲಿಂದ ಜಾಯ್ ಡಿವಿಷನ್ ತಂಡದ ಕಣ್ಣಿಗೆ ಬಿತ್ತು. ಪೀಟರ್ ಸಾವಿಲ್ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳಾಗಿ ಮಗುಚಿ 1979ರ ‘ಅನ್‌ನೋನ್ ಪ್ಲೆಷರ್ಸ್’ ಮುಖಪುಟ ಮಾಡಿದ. ಈಗ ಅದು ಟೀ ಶರ್ಟುಗಳ ಎದೆಯ ಮೇಲೆ ಲೋಕಸಂಚಾರದಲ್ಲಿದೆ. ಮಾರ್ಗದರ್ಶಕರೂ ಪೂರ್ತಿ ಓದದ ಪ್ರಬಂಧಗಳ ನಡುವೆ ಒಂದಾದರೂ ಇಸ್ತ್ರಿಯಾಗುತ್ತಿದೆ.

ಧ್ವನಿಸಿದ್ಧಾಂತದ ಕಟ್ಟಕಡೆಯ ಗಡಿ ರಿಚರ್ಡ್ ಹ್ಯಾಮಿಲ್ಟನ್ ರೂಪಿಸಿದ, ಬೀಟಲ್ಸ್‌ನದೇ 1968ರ ಬಿಳಿ ಹೊದಿಕೆ. ಚಿತ್ರವಿಲ್ಲ, ಬಣ್ಣವಿಲ್ಲ; ಉಬ್ಬಚ್ಚಿನಲ್ಲಿ ತಂಡದ ಹೆಸರು, ಮೂಲೆಯಲ್ಲಿ ಪ್ರತಿಯ ಕ್ರಮಸಂಖ್ಯೆ. ಓದಲು ಬೇರೇನೂ ಇಲ್ಲದ ಅಭಿಮಾನಿ ಸಂಖ್ಯೆಯನ್ನೇ ಓದಿದ. ರಿಂಗೊ ಬಳಿಯಿದ್ದ ಒಂದನೆಯ ನಂಬರಿನ ಪ್ರತಿ 2015ರ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು. ಹಾಡು ಎಲ್ಲ ಪ್ರತಿಯಲ್ಲೂ ಒಂದೇ.

ಒಂದು ಶಂಕೆ ಉಳಿದಿದೆ. 1993ರಲ್ಲಿ ಪಾಲ್ ಮೆಕಾರ್ಟ್ನಿ ತನ್ನ ಆಲ್ಬಮ್ಮಿಗೆ ಬದುಕಿದ್ದೇನೆಂಬ ಧ್ವನಿಯೂ ಹೊರಡುವಂತೆ ‘ಪಾಲ್ ಇಸ್ ಲೈವ್’ ಎಂದು ಹೆಸರಿಟ್ಟ. ಅದೇ ಪಟ್ಟೆಯ ಮೇಲೆ, ಈ ಸಲ ಶೂ ಹಾಕಿಕೊಂಡು, ಒಂದು ಜೂಲುನಾಯಿಯನ್ನು ಹಿಡಿದು ದಾಟಿದ. ಹಿಂದಿನ ಬೀಟಲ್ ಕಾರು ಇದ್ದಲ್ಲೇ ಇದೆ, ನಂಬರ್ ಪ್ಲೇಟಿನಲ್ಲಿ ‘51 ಇಸ್’ ಎಂದಿದೆ. ಆ ವರ್ಷ ಅವನಿಗೆ ತುಂಬಿದ್ದು ಐವತ್ತೊಂದು, ನಡೆಯುತ್ತಿದ್ದದ್ದು ಐವತ್ತೆರಡು. 1969ರ ಲೆಕ್ಕ ನಡೆಯುವ ವಯಸ್ಸಿನದು, 1993ರದು ತುಂಬಿದ ವಯಸ್ಸಿನದು. ಎರಡೂ ಶಾಸನಗಳು ಒಬ್ಬನದೇ ಆಗಿದ್ದರೆ ನಡುವೆ ಒಂದು ವರ್ಷ ಎಲ್ಲಿಗೋ ಹೋಗಿದೆ. ಜೂಲುನಾಯಿ ಯಾವ ಕಾಲನ್ನು ಮುಂದಿಟ್ಟಿದೆ ಎಂಬುದನ್ನು ಭೂತಗನ್ನಡಿಯಲ್ಲಿ ನೋಡುವ ಕೆಲಸ ಸದ್ಯ ನಡೆದಿದೆ.