ಕಾಲೂರದ ಶಾಸ್ತ್ರ

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅವನಿಗಿಂತ ಮುಂಚೆಯೇ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಹುಡುಕುವುದರಿಂದ ಹಿಡಿದು ಅಡುಗೆ ಮಾಡುವವರೆಗೆ ಲೋಕಕ್ಕೆ ಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದ. ಇಬ್ಬರೂ ಕ್ಲಚ್ ಪ್ಲೇಟಿನ ಬಗ್ಗೆ ತುಟಿ ಬಿಚ್ಚಿಲ್ಲ. ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಹೀಗೆ ಒಂಬೈನೂರು ವರ್ಷಗಳಿಂದ ಒಂದು ಗುಂಡಿ ಬಿದ್ದಿದೆ. ನಮ್ಮೂರ ರಸ್ತೆಯ ಗುಂಡಿಗಳನ್ನೂ ಈ ಗುಂಡಿಯನ್ನೂ ಒಟ್ಟಿಗೇ ನೋಡುತ್ತ ಬೆಳೆದ ಈ ಪ್ರಬಂಧಕಾರ, ಕೊನೆಗೆ ಎರಡನೆಯದನ್ನಾದರೂ ಮುಚ್ಚೋಣವೆಂದು ಪೆನ್ನು ಹಿಡಿದಿದ್ದಾನೆ.

ಮೊದಲು ಲಕ್ಷಣ. ಟ್ರಯಲ್ಸ್ ಎಂಬುದು ಬೈಕಿನ ಆಟ, ಆದರೆ ಓಟವಲ್ಲ. ಬಂಡೆ, ಬೇರು, ಕೊರಕಲು, ಕೆಸರು ಇರುವ ಜಾಗವನ್ನೇ ಹುಡುಕಿ ಎರಡು ಬದಿಗೂ ಟೇಪು ಕಟ್ಟುತ್ತಾರೆ. ಅದರೊಳಗೆ ಸವಾರ ನೆಲಕ್ಕೆ ಕಾಲು ತಾಗಿಸದೆ ಆಚೆ ದಾಟಬೇಕು. ಒಂದು ಸಲ ಕಾಲೂರಿದರೆ ಒಂದು ಪಾಯಿಂಟು, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ಊರಿದರೂ ಮೂರು. ಬಿದ್ದರೆ ಐದು. ಎಲ್ಲರಿಗಿಂತ ಕಮ್ಮಿ ಪಾಯಿಂಟಿನವನೇ ಗೆದ್ದವನು. ಸೊನ್ನೆ ತೆಗೆದವನಿಗೆ ಹಾರ ಹಾಕುವ ಇಂಥದೊಂದು ವಿದ್ಯೆ ಇದೆಯೆಂದು ನನ್ನ ಗಣಿತದ ಮೇಷ್ಟ್ರಿಗೆ ಗೊತ್ತಿದ್ದರೆ ನನ್ನ ಬಾಲ್ಯವೇ ಬೇರೆಯಾಗುತ್ತಿತ್ತು.

ಈಗ ಪೂರ್ವಪಕ್ಷ. ಈ ವಿದ್ಯೆ ಹುಟ್ಟಿದ್ದು ಬ್ರಿಟನ್ನಿನ ಗುಡ್ಡಗಳಲ್ಲಿ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಆರು ದಿನ ನಡೆಯುವ ಟ್ರಯಲ್ಸನ್ನು 1965ರಲ್ಲಿ ಸ್ಯಾಮಿ ಮಿಲ್ಲರ್ ಸ್ಪೇನಿನ ಬುಲ್ಟಾಕೊ ಬೈಕಿನಲ್ಲಿ ಗೆದ್ದ. ಅಲ್ಲಿಂದ ಮುಂದೆ ಬ್ರಿಟನ್ನಿನ ಭಾರದ ಗಾಡಿಗಳ ಕಾಲ ಮುಗಿಯಿತು. 1975ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿದೆ. 2007ರಿಂದ ಈಚೆಗೆ ಅದನ್ನು ವರ್ಷ ವರ್ಷವೂ ಮನೆಗೆ ಒಯ್ಯುತ್ತಿರುವವನು ಟೋನಿ ಬೌ ಎಂಬ ಕ್ಯಾಟಲನ್ ಸವಾರ. ಇಷ್ಟೂ ಸತ್ಯವೇ. ಆದರೆ ಕ್ಯಾಟಲನ್ ಭಾಷೆಯಲ್ಲಿ ‘ಬೌ’ ಎಂದರೆ ಎತ್ತು. ಲೋಕದ ಅತಿ ದೊಡ್ಡ ಟ್ರಯಲ್ಸ್ ಸವಾರನ ಹೆಸರೇ ಎತ್ತು ಎಂದಮೇಲೆ, ಶಾಸ್ತ್ರದ ಮೂಲವನ್ನು ದನದ ಜಾತ್ರೆ ನಡೆಯುವ ಚುಂಚನಕಟ್ಟೆ ಬಿಟ್ಟು ಬೇರೆಲ್ಲಿ ಹುಡುಕುವುದು? ಇದು ಸಿದ್ಧಾಂತ.

ಸ್ಥಳಪುರಾಣವೂ ನನ್ನ ಕಡೆಗೇ ಇದೆ. ವನವಾಸದಲ್ಲಿ ರಾಮ, ಸೀತೆ, ಲಕ್ಷ್ಮಣರು ಕಾಲೂರಿದ್ದು ಇಲ್ಲೇ, ಚುಂಚ–ಚುಂಚಿಯರ ಕಾಡಿನಲ್ಲಿ. ಸೀತೆಯ ಸ್ನಾನಕ್ಕೆ ನೀರು ಬೇಕಾಗಿ ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟದ್ದರಿಂದ ಧನುಷ್ಕೋಟಿಯ ಧಾರೆ ಚಿಮ್ಮಿತಂತೆ. ಅವರು ಕಾಲೂರಿದ ಕಡೆ ಜನ ಗುಡಿ ಕಟ್ಟಿ ಕೈ ಮುಗಿಯುತ್ತಾರೆ. ಅದೇ ಜಾಗದಲ್ಲಿ ನಾನು ಕಾಲೂರಿದರೆ ಒಂದು ಪಾಯಿಂಟು. ಅಲ್ಲಿನ ಕೋದಂಡರಾಮನ ಗುಡಿಯ ವಿಶೇಷವನ್ನೂ ಶಾಸ್ತ್ರಕಾರರು ಗಮನಿಸಬೇಕು. ಹೊರಗೆ ಕಾವೇರಿ ಸುಮಾರು 60 ಅಡಿ ಧುಮುಕಿ ಭೋರ್ಗರೆಯುತ್ತಿದ್ದರೂ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸುವುದಿಲ್ಲವೆಂದು ಊರವರು ತೋರಿಸಿ ಹೇಳುತ್ತಾರೆ. ಸೈಲೆನ್ಸರಿನ ಇತಿಹಾಸ ಬರೆದ ಪಂಡಿತರು ಇದನ್ನು ಹೇಗೆ ಬಿಟ್ಟರೋ ತಿಳಿಯದು.

ಇನ್ನು ಗಾಡಿಯ ಆಯ್ಕೆ. ಸ್ಪೇನಿನಿಂದ ತರಿಸುವಷ್ಟು ಅನುದಾನ ಈ ಸಂಶೋಧನೆಗೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಹಳೆಯ ಯೆಜ್ಡಿ. ಹಟ್ಟಿಯ ಮೂಲೆಯಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಕಾವು ಕೂರುತ್ತಿದ್ದವು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ನಡುವೆ 1973ರಲ್ಲಿ ಜಾವಾ ಹೋಗಿ ಯೆಜ್ಡಿ ಆಯಿತು. ‘ಜಾವಾ’ ಶಬ್ದದ ನಿಷ್ಪತ್ತಿಯಲ್ಲಿ ಭಿನ್ನಾಭಿಪ್ರಾಯವಿದೆ. ಚೆಕ್ ದೇಶದ ಯಾನೆಚೆಕ್ ಎಂಬವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲೆರಡು ಅಕ್ಷರ ಸೇರಿ ಆ ಹೆಸರಾಯಿತು ಎಂಬುದು ಲೋಕದ ಮಾತು. ಚಳಿಗಾಲದಲ್ಲಿ ಅದನ್ನು ಸ್ಟಾರ್ಟ್ ಮಾಡಲು ಒಂದು ಜಾವ ಹಿಡಿಯುತ್ತಿದ್ದುದರಿಂದ ಆ ಹೆಸರು ಬಂತೆಂಬುದು ನನ್ನ ಮತ.

ಯೆಜ್ಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಎಂಬುದಿಲ್ಲ. ಎರಡೂ ಒಂದೇ. ಇದನ್ನು ಕಂಡು ಅದ್ವೈತಿಗಳು ಹಿಗ್ಗಬಹುದು. ಆದರೆ ಪಕ್ಕದ ಸಾಲಿಗ್ರಾಮದಲ್ಲಿ ರಾಮಾನುಜರ ಶ್ರೀಪಾದತೀರ್ಥ ಇರುವುದರಿಂದ ಆತುರಪಡಬಾರದು. ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿದಾಗ ಮಾತ್ರ ಅದು ಕಿಕ್ಕರ್. ಹಾಗೇ ಬಿಟ್ಟರೆ ಗೇರು. ಒಂದೇ, ಆದರೆ ವಿಶೇಷಣಸಹಿತ ಒಂದು. ಆದ್ದರಿಂದ ಯೆಜ್ಡಿ ವಿಶಿಷ್ಟಾದ್ವೈತಿ.

ಬಿಡಿಭಾಗಗಳಲ್ಲಿ ಮುಖ್ಯವಾದದ್ದು ಚೈನ್ ಸೆಟ್ಟು. ಟ್ರಯಲ್ಸಿಗೆ ವೇಗ ಬೇಡ, ಎಳೆತ ಬೇಕು. ನಡೆಯುವವನ ವೇಗದಲ್ಲಿ ಬಂಡೆ ಹತ್ತಬೇಕು. ಅದಕ್ಕೆ ಮುಂದಿನ ಸ್ಪ್ರಾಕೆಟಿನಲ್ಲಿ ಹಲ್ಲು ಕಮ್ಮಿ ಮಾಡಬೇಕು, ಇಲ್ಲವೇ ಹಿಂದಿನದರಲ್ಲಿ ಹೆಚ್ಚಿಸಬೇಕು. ಯೆಜ್ಡಿಯ ಚೈನಿಗೆ ಸುತ್ತಲೂ ಮುಚ್ಚಿದ ಕವರ್ ಇರುವುದರಿಂದ ಹಿಂದೆ ದೊಡ್ಡದು ಹಿಡಿಸುವುದಿಲ್ಲ. ಮುಂದಿನದಕ್ಕೇ ಕೈ ಹಾಕಬೇಕಾಯಿತು. ಹಲ್ಲಿನ ವಿಷಯದಲ್ಲಿ ಚುಂಚನಕಟ್ಟೆಗೆ ಪಾಠ ಹೇಳುವವರು ಯಾರು? ಸಂಕ್ರಾಂತಿಯ ಆಸುಪಾಸಿನ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಸಾಲಿನಲ್ಲಿ ನಿಂತು ನೋಡಿ. ಕೊಳ್ಳುವವನು ಮೊದಲು ದವಡೆ ಅಗಲಿಸುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ನೋಡಿದ ಮೇಲೇ ಮಾತು. ಆ ಮಾತೂ ಬಾಯಲ್ಲಲ್ಲ. ದಲ್ಲಾಳಿ ಟವೆಲ್ ಮುಚ್ಚುತ್ತಾನೆ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಕೂಗದೆ ಕೂಗುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಿದ್ದಷ್ಟೇ ಕಾಣುತ್ತದೆ.

ಮೈಸೂರಿನ ಗುಜರಿ ಅಂಗಡಿಯಲ್ಲಿ ನಾನು ಸಂಪ್ರದಾಯ ಬಿಡಲಿಲ್ಲ. ಸ್ಪ್ರಾಕೆಟನ್ನು ಬೆಳಕಿಗೆ ಹಿಡಿದು ಹಲ್ಲು ಎಣಿಸಿದೆ. ಮೂರು ಹಲ್ಲು ಕಮ್ಮಿಯದು, ಸವೆದಿರಲಿಲ್ಲ. ಹೆಗಲ ಟವೆಲ್ ತೆಗೆದು ಅಂಗಡಿಯವನ ಕೈ ಮೇಲೆ ಹಾಸಿ, ಅವನ ಎರಡು ಬೆರಳು ಹಿಡಿದೆ. ಅವನು ಕೈ ಕಿತ್ತುಕೊಂಡ.

“ಕೈ ಯಾಕ್ ಸಾ ಹಿಡ್ಕತೀರಾ? ಬಾಯ್ಬಿಟ್ ಯೋಳಿ.”

ಬಾಯಿ ಬಿಟ್ಟು ಹೇಳಿದ್ದರಿಂದ ಅವನು ಕೇಳಿದಷ್ಟೂ ಕೊಡಬೇಕಾಯಿತು.

ಹಲ್ಲಾದ ಮೇಲೆ ಸುಳಿ. ಎತ್ತಿಗೆ ನೆತ್ತಿಯಲ್ಲಿ, ಬೆನ್ನಲ್ಲಿ ಕೂದಲು ತಿರುಗಿದ ಸುಳಿ ನೋಡಿ ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವವರು ನಮ್ಮಲ್ಲಿದ್ದಾರೆ. ಬೈಕಿಗೆ ಸುಳಿ ಇರುವುದು ಪೆಟ್ರೋಲ್ ಟ್ಯಾಂಕಿನಲ್ಲಿ. ಜನ ಅದನ್ನು ನೆಗ್ಗು ಎನ್ನುತ್ತಾರೆ. ಬಲಗಡೆ ನೆಗ್ಗಿದ್ದರೆ ಹಿಂದಿನ ಯಜಮಾನ ಬಲಕ್ಕೆ ಬಿದ್ದವನು, ಎಡಗಡೆ ಇದ್ದರೆ ಎಡಕ್ಕೆ. ಎರಡೂ ಕಡೆ ಸಮನಾಗಿದ್ದರೆ ಸಮತೋಲ ಬಲ್ಲವನು. ಅಂಥ ಗಾಡಿ ಕಣ್ಣು ಮುಚ್ಚಿ ಕೊಳ್ಳಬಹುದು. ನನ್ನದರಲ್ಲಿ ಬಲಕ್ಕೆ ಮಾತ್ರ ಇತ್ತು.

ತೂಕದ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ, ನೋವಿನದು. ಈಗಿನ ಟ್ರಯಲ್ಸ್ ಬೈಕು 70 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಯೆಜ್ಡಿ ಒಂದೂಕಾಲು ಕ್ವಿಂಟಲಿಗೂ ಮೀರುತ್ತದೆ. ಮಡ್‌ಗಾರ್ಡು, ಹೆಡ್‌ಲೈಟು, ಎರಡು ಸೈಲೆನ್ಸರುಗಳಲ್ಲಿ ಒಂದು, ಎಲ್ಲ ಕಿತ್ತೆ. ಕಿತ್ತದ್ದು ಒಂದು ಗೋಣಿಚೀಲ ತುಂಬಿತು. ಗಾಡಿಯನ್ನು ಎತ್ತಿ ನೋಡಿದರೆ ಮೊದಲಿನಷ್ಟೇ ಇತ್ತು. ಕೊನೆಗೆ ಸೀಟು. ಟ್ರಯಲ್ಸ್ ಸವಾರ ಕೂರುವುದಿಲ್ಲ, ಫುಟ್‌ರೆಸ್ಟಿನ ಮೇಲೆ ನಿಂತೇ ಹೋಗುತ್ತಾನೆ. ಮೈಭಾರವನ್ನು ಎಡಕ್ಕೆ ಬಲಕ್ಕೆ ತೂಗುವುದಕ್ಕೆ ಸೀಟು ಅಡ್ಡ. ಈ ತತ್ತ್ವವನ್ನು ಮನೆಯಲ್ಲಿ ವಿವರಿಸುತ್ತ ಸ್ಪ್ಯಾನರ್ ಹಿಡಿದಾಗ ಮನೆಯಾಕೆ ಕೋಳಿಗಳ ಪರವಾಗಿಯೂ ತನ್ನ ಪರವಾಗಿಯೂ ಪ್ರಶ್ನೆ ಎತ್ತಿದಳು. ಬೇರೆ ಊರಿನ ಗುಡಿಗಳಲ್ಲಿ ಸೀತೆ ರಾಮನ ಎಡಕ್ಕೆ, ನಮ್ಮ ಚುಂಚನಕಟ್ಟೆಯಲ್ಲಿ ಬಲಕ್ಕೆ.

“ಆ ಸೀತಮ್ಮಂಗೆ ಬಲಗಡೆನಾದ್ರೂ ಜಾಗ ಕೊಟ್ಟವ್ರೆ. ನಂಗೆಲ್ಲಿ?”

ಮೀಮಾಂಸೆಯಲ್ಲಿ ಇದಕ್ಕೆ ಉತ್ತರವಿಲ್ಲ.

ಗಾಳಿಯ ವಿಚಾರ. ರಸ್ತೆಯ ಬೈಕಿಗೆ ಮೂವತ್ತರ ಹತ್ತಿರ ಹಾಕಿಸುತ್ತೇವೆ. ಟ್ರಯಲ್ಸಿನ ಹಿಂದಿನ ಟೈರಿಗೆ ನಾಲ್ಕೈದು ಪೌಂಡು ಸಾಕು. ಮೆತ್ತಗಿರುವ ಟೈರು ಬಂಡೆಯನ್ನು ರೊಟ್ಟಿ ಹಿಟ್ಟು ಹೆಂಚನ್ನು ಹಿಡಿದ ಹಾಗೆ ಹಿಡಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ “ಐದೇ ಪೌಂಡ್ ಇರಲಿ” ಎಂದೆ. ಹುಡುಗ ಪೈಪು ಕೆಳಗಿಟ್ಟ.

“ಐದಾ? ಅದ್ಕೆ ನನ್ತಾವ ಯಾಕ್ ಬಂದ್ರಿ ಸಾ, ಬಾಯಲ್ಲೇ ಊದ್ಕಬೋದಿತ್ತಲ್ಲ.”

ಇಷ್ಟು ಕಮ್ಮಿ ಗಾಳಿಯಲ್ಲಿ ಟ್ಯೂಬಿರುವ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆದುಕೊಂಡು ಹೋಗಿ ಗಾಳಿ ಹಾಕುವ ವಾಲ್ವನ್ನು ಬುಡದಿಂದ ಕೀಳುತ್ತದೆ. ಅದನ್ನು ತಡೆಯಲು ರಿಮ್ ಲಾಕ್ ಎಂಬುದೊಂದನ್ನು ಹಾಕುತ್ತಾರೆ. ಈ ಜ್ಞಾನ ನನಗೆ ಪ್ರಯೋಗದ ಮಾರನೆಯ ದಿನ ಬಂತು.

ಪ್ರಯೋಗಕ್ಕೆ ಜಲಪಾತದ ಬಂಡೆಗಳೇ ಯೋಗ್ಯವೆಂದು ಶಾಸ್ತ್ರ ಹೇಳಿದರೂ, ಪಾಚಿ ಬೇರೆ ಹೇಳುತ್ತದೆ. ಅಲ್ಲಿ ಕಾಲು ಜಾರಿದರೆ ಪಾಯಿಂಟು ಎಣಿಸಲು ಯಾರೂ ಉಳಿಯುವುದಿಲ್ಲ. ಆದ್ದರಿಂದ ನಾಲೆ ಏರಿಯಿಂದ ಇಳಿಯುವ ಗದ್ದೆಯ ಬದುವನ್ನು ಆರಿಸಿದೆ. ಕೆ.ಆರ್. ನಗರವನ್ನು ಭತ್ತದ ಕಣಜ ಎನ್ನುತ್ತಾರಲ್ಲ, ಆ ಕಣಜಕ್ಕೆ ಹೋಗುವ ದಾರಿಯೆಲ್ಲ ಇಂಥ ಬದುವೇ: ಒಂದೂವರೆ ಅಡಿ ಅಗಲ, ಎರಡು ಬದಿಗೂ ನಾಟಿ ಮಾಡಿದ ಕೆಸರು, ನಡುವೆ ನೀರು ಬಿಡಲು ಕಡಿದ ಕಂಡಿ, ಏಡಿ ತೋಡಿದ ಬಿಲ. ಮೈಕೋ ಪ್ಲಗ್ಗು ಒರೆಸಿ ಹಾಕಿ, ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ, ವಿಶಿಷ್ಟಾದ್ವೈತವನ್ನು ಏಳು ಸಲ ಒದ್ದ ಮೇಲೆ ಗಾಡಿ ಎದ್ದಿತು. ಮೊದಲ ಕಂಡಿಯಲ್ಲಿ ಒಂದು ಪಾಯಿಂಟು. ಏಡಿಬಿಲದಲ್ಲಿ ಎರಡನೆಯದು. ಎರಡನೆಯ ಕಂಡಿಯಲ್ಲಿ ಹಿಂದಿನ ಟೈರು ಉಸ್ಸೆಂದು ಕೂತಿತು, ಗಾಡಿ ಎಡಕ್ಕೆ ಮಲಗಿತು, ನಾನು ಅದಕ್ಕೂ ಆಚೆ ಮಲಗಿದೆ. ಐದು.

ಟ್ಯಾಂಕಿಗೆ ಎಡಗಡೆಯೂ ಸುಳಿ ಬಿತ್ತು.

ಆಗಲೇ ಹಿಂದಿನಿಂದ ಟಿವಿಎಸ್ ಎಕ್ಸೆಲ್ ಸದ್ದಾಯಿತು. ಗಡಿಯಾಚೆ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಆಗಿ ಹೊರಟ ವಂಶದ ಕುಡಿ, 99.7 ಸಿ.ಸಿ., ಗೇರಿಲ್ಲ, ಕ್ಲಚ್ ಹಿಡಿಯುವ ಗೋಜಿಲ್ಲ. ಎರಡು ಪಕ್ಕಕ್ಕೂ ಹಾಲಿನ ಕ್ಯಾನು, ಹಿಂದೆ ಹಸಿ ಹುಲ್ಲಿನ ಹೊರೆ, ಮುಂದೆ ಕಾಲಿಡುವ ಜಾಗದಲ್ಲಿ ಬೂಸಾ ಮೂಟೆ. ಅದರ ಮೇಲೆ ಹವಾಯಿ ಚಪ್ಪಲಿಯ ಎರಡು ಕಾಲು. ಸವಾರ ನನ್ನನ್ನೂ ಯೆಜ್ಡಿಯನ್ನೂ ನೋಡಿ, “ವಸಿ ಕಾಲ್ ಎಳ್ಕಳಿ ಸಾ” ಎಂದ. ಎಳೆದುಕೊಂಡೆ. ಬಿದ್ದ ಗಾಡಿಯ ಹ್ಯಾಂಡಲಿಗೂ ಬದುವಿನ ಅಂಚಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಅದರಲ್ಲೇ ದಾಟಿದ. ಕಂಡಿಯಲ್ಲಿ ಮುಂದಿನ ಚಕ್ರ ಇಳಿದಾಗ ಕ್ಯಾನಿನ ಮುಚ್ಚಳ ಟಣ್ ಎಂದಿತು, ಅಷ್ಟೇ.

ಅವನು ಕಾಲೂರಲಿಲ್ಲ. ಊರಬೇಕೆಂದರೂ ಮೂಟೆಯ ಮೇಲಿಂದ ನೆಲ ಎಟುಕುತ್ತಿರಲಿಲ್ಲ. ಸ್ಪೇನಿನವರಿಗೂ ಹೊಳೆಯದ ಸೆಟ್ಟಿಂಗು ಇದು ಎಂದು ಕೆಸರಲ್ಲೇ ಎದ್ದು ಕೂತು ಕೂಗಿ ಕೇಳಿದೆ: ಗಾಳಿ ಎಷ್ಟು ಹಾಕಿಸಿದ್ದೀಯ, ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲು?

“ಗೊತ್ತಿಲ್ಲ ಸಾ, ಡೈರಿ ಬಾಗ್ಲಾಕ್ಬುಡ್ತರೆ!”

ಈ ಗ್ರಂಥದ ಎರಡನೆಯ ಸಂಪುಟ ಬರುವುದಿಲ್ಲ. ಗಾಡಿಯನ್ನು ಬರುವ ಜಾತ್ರೆಗೆ ಕಟ್ಟುತ್ತಿದ್ದೇನೆ. ಸೀಟು, ಮಡ್‌ಗಾರ್ಡು, ಸೈಲೆನ್ಸರು ಗೋಣಿಚೀಲದಲ್ಲಿ ಭದ್ರವಾಗಿವೆ, ಜೊತೆಗೇ ಕೊಡುತ್ತೇನೆ. ಈಗ ಸುಳಿ ಎರಡೂ ಕಡೆ ಸಮನಾಗಿದೆ. ಕೊಳ್ಳುವ ಮನಸ್ಸಿದ್ದವರು ಬಂದು ಹಲ್ಲು ನೋಡಬಹುದು. ಟವೆಲ್ ನಾನೇ ತರುತ್ತೇನೆ.