ದುಂಬಿವಾದ್ಯ ಮೀಮಾಂಸೆ

ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದ ಭರತಮುನಿ ದುಂಬಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಲೋಪದ ಪರಿಹಾರವೇ ಪ್ರಸ್ತುತ ಗ್ರಂಥದ ಪ್ರಯೋಜನ. ತಾವರೆಯಲ್ಲಿ ಸೆರೆಯಾಗುವ ಕಾವ್ಯದ ದುಂಬಿಗೆ ಇಲ್ಲಿ ಪ್ರವೇಶವಿಲ್ಲ; ಅದು ಜೇನಿನ ನೆಂಟ. ವಿಚಾರಣೆಗೆ ಬಂದಿರುವುದು ತೆಂಗಿನ ಸುಳಿ ಕೊರೆಯುವ ಕುರುವಾಯಿಯ ಬಳಗ, ಅಂದರೆ ಗಟ್ಟಿ ಕವಚರೆಕ್ಕೆಯವರು.

ಇವರಲ್ಲಿ ಬಹುಪಾಲು ಘನವಾದ್ಯದವರು. ಮೈಯ ಒಂದೆಡೆ ಅರದಂಥ ಸಾಲುಗೀರು, ಇನ್ನೊಂದೆಡೆ ಅದನ್ನು ಕೆರೆಯುವ ಅಂಚು, ಉಜ್ಜಿದರೆ ಕಿರ್ರ್. ವಾದ್ಯ ಕತ್ತಿನಲ್ಲಿರಬಹುದು, ಹೊಟ್ಟೆಯಲ್ಲಿರಬಹುದು, ಕಾಲಿನಲ್ಲಿರಬಹುದು, ಗಂಟಲೊಂದನ್ನು ಬಿಟ್ಟು. ಹೆಣ ಹೂಳುವ ದುಂಬಿಯ ಒಂದೊಂದು ಅರದಲ್ಲೂ 126ರಿಂದ 140 ಗೀರುಗಳಿವೆಯೆಂದು ಲ್ಯಾಂಡ್ವಾ ಎಂಬ ಜರ್ಮನ್ ಪಂಡಿತರು ಎಣಿಸಿಟ್ಟರು. ಡಾರ್ವಿನ್ ಅದನ್ನು ಶ್ರದ್ಧೆಯಿಂದ ತಮ್ಮ ಗ್ರಂಥಕ್ಕೆ ಇಳಿಸಿಕೊಂಡರು. ವಿದ್ವತ್ತೆಂದರೆ ಇದು.

ಇನ್ನು ಪ್ರಯೋಜನ ವಿಚಾರ. ಹೆಣ್ಣನ್ನು ಒಲಿಸಲು ಗಂಡು ಹಾಡುತ್ತದೆ ಎಂಬುದು ಪೂರ್ವಪಕ್ಷ. ಡಾರ್ವಿನ್ನರೂ ಅದೇ ಆಸೆಯಿಂದ ಹುಡುಕಿದರು. ಬಹುತೇಕ ದುಂಬಿಗಳಲ್ಲಿ ಗಂಡಿಗೂ ಹೆಣ್ಣಿಗೂ ಅರ ಸಿಕ್ಕಿ ಸಿದ್ಧಾಂತ ಕುಂಟಿತು. ಉದ್ದಮೀಸೆಯ ದುಂಬಿಯನ್ನು ಬೆರಳಲ್ಲಿ ಹಿಡಿದರೆ ಅದು ಕತ್ತು ಆಡಿಸುತ್ತ ಕಿರುಗುಟ್ಟುತ್ತದೆ. ಆ ಕೃತಿಯ ಸಾಹಿತ್ಯ ಇಷ್ಟೇ: 'ಬಿಡು!'

ಪ್ರಣಯಪಕ್ಷಕ್ಕೆ ಸಾಕ್ಷಿ ಇಂಗ್ಲೆಂಡಿನ ಹಳೆಯ ಓಕ್ ತೊಲೆಗಳಲ್ಲಿದೆ. ಅಲ್ಲಿನ ದುಂಬಿಯೊಂದು ಮರಕ್ಕೆ ತಲೆ ಚಚ್ಚಿ ಟಕಟಕ ಎನ್ನುತ್ತದೆ. ಹೆಣ್ಣು ಮರುತಾಳ ಹಾಕಿದರೆ ಗಂಡು ಅತ್ತ ಹೊರಡುತ್ತದೆ. ರೋಗಿಯ ಪಕ್ಕ ರಾತ್ರಿಯಿಡೀ ಎಚ್ಚರವಿದ್ದವರು ಇದನ್ನೇ ಮೃತ್ಯುವಿನ ಗಡಿಯಾರವೆಂದು ನಂಬಿ ಬೆವರಿದರು.

ಕೊಳೆತ ದಿಮ್ಮಿಯೊಳಗಿನ ಪ್ಯಾಸಲಿಡ್ ದುಂಬಿಗಳದು ಕೂಡುಕುಟುಂಬ. ಸಹಜವಾಗಿಯೇ ಗದ್ದಲ ಜಾಸ್ತಿ. ಅಮೆರಿಕದ ಒಂದು ಜಾತಿಯಲ್ಲಿ 14 ಬಗೆಯ ಸದ್ದು ದಾಖಲಾಗಿವೆ. ಮರಿಹುಳುಗಳ ಮೂರನೇ ಜೋಡಿ ಕಾಲು ಮೋಟಾಗಿ, ನಡೆಯುವ ಉದ್ಯೋಗ ಬಿಟ್ಟು, ಎರಡನೆಯ ಜೋಡಿಯನ್ನು ಕೆರೆಯುವ ಕೆಲಸಕ್ಕೆ ನಿಂತಿದೆ. ಮಕ್ಕಳನ್ನು ಇಷ್ಟು ಎಳೆಯದರಲ್ಲೇ ಸಂಗೀತಕ್ಕೆ ಹಾಕುವ ತಂದೆತಾಯಿ ಮಲ್ಲೇಶ್ವರದಲ್ಲೂ ವಿರಳ.

ತತಕ್ಕೆ ತಂತಿಯಿಲ್ಲ, ಅವನದ್ಧಕ್ಕೆ ಚರ್ಮವಿಲ್ಲ. ಸುಷಿರದ ಖಾಲಿ ಪೀಠಕ್ಕೆ ಸಿಡಿಗುಂಡು ದುಂಬಿಯನ್ನು ಕೂರಿಸಬಹುದು. ಹೊಟ್ಟೆಯೊಳಗೆ ಹೈಡ್ರೋಕ್ವಿನೋನ್, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ಸುಮಾರು 100 ಡಿಗ್ರಿಯ ಆವಿಯನ್ನು ಹಿಂಬದಿಯಿಂದ ಢಬ್ಬೆಂದು ಊದುವ ವಿದ್ವಾಂಸ ಅದು. ಜಪಾನಿನಲ್ಲಿ ಇದನ್ನು ನೆಲಗಪ್ಪೆಗಳಿಗೆ ನುಂಗಿಸಿ ನೋಡಿದ್ದಾರೆ. ಕಛೇರಿ ಶ್ರೋತೃಗಳ ಹೊಟ್ಟೆಯೊಳಗೇ ನಡೆಯಿತು, ಸದ್ದು ಹೊರಗೂ ಕೇಳಿಸಿತು. ಶೇ. 43ರಷ್ಟು ಕಪ್ಪೆಗಳು 12ರಿಂದ 107 ನಿಮಿಷಗಳೊಳಗೆ ಕಲಾವಿದರನ್ನು ಜೀವಂತವಾಗಿ ಕಕ್ಕಿದವು. ನವರಸಗಳಲ್ಲಿ ಇದು ಬೀಭತ್ಸವೆಂಬುದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವಿಲ್ಲ.